ಕಪ್ಪಣ್ಣನೋ ಬೆಳ್ಳಣ್ಣನೋ

ಬಸ್ ಡಿಪೋದ ಟೈಮ್‌ಕೀಪರ್ ಸಾಹೇಬರ ನೆಮ್ಮದಿ ಕೆಡಿಸಿದ್ದು ಎರಡು ರೋಮನ್ ನಾಣ್ಯ. ಹಳೇ ನಾಣ್ಯ ಮಾರುವವನು ಬೆಳಗ್ಗೆಯೇ ಬಂದು ಎರಡನ್ನೂ ಮೇಜಿನ ಮೇಲಿಟ್ಟಿದ್ದ. "ಸಾರ್, ನೀವು ದುಡ್ಡು ಕೊಟ್ಟಿರೋದು ಒಂದಕ್ಕೆ. ನಿಧಾನವಾಗಿ ನೋಡಿ. ಸಂಜೆ ಬರ್ತೀನಿ, ಒಂದು ನಿಮಗೆ, ಒಂದು ನನಗೆ" ಎಂದು ಹೊರಟೇಬಿಟ್ಟ. ಪುಣ್ಯಾತ್ಮ ಒಂದನ್ನೇ ತಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಎರಡೂ ಬೆಳ್ಳಿಯವು. ಎರಡರಲ್ಲೂ ಅದೇ ದಪ್ಪ ಕುತ್ತಿಗೆಯ ಚಕ್ರವರ್ತಿ, ಹಿಂಬದಿಯಲ್ಲಿ ಕುರ್ಚಿಯಲ್ಲಿ ಕೂತ ಅದೇ ಹೆಂಗಸು. ವ್ಯತ್ಯಾಸ ಬಣ್ಣದಲ್ಲಿ ಮಾತ್ರ. ಒಂದು ಕೆಟಲಿನ ತಳದಂತೆ ಕಪ್ಪು, ಇನ್ನೊಂದು ಫಳಫಳ. "ಆ ಕಪ್ಪು ಹತ್ತೋಕೆ ಎರಡು ಸಾವಿರ ವರ್ಷ ಬೇಕು ಸಾರ್, ಉಜ್ಜೀರಿ ಜೋಕೆ!" ಎಂದು ಅವನು ಹೇಳಿಯೂ ಇದ್ದ. ಸಾಹೇಬರು ಅವಕ್ಕೆ ಕಪ್ಪಣ್ಣ, ಬೆಳ್ಳಣ್ಣ ಎಂದು ಹೆಸರಿಟ್ಟರು.

ಶಾಲೆಯ ಇತಿಹಾಸದ ಪುಸ್ತಕದಲ್ಲಿ ಚಿತ್ರ ನೋಡಿದಾಗಿನಿಂದ ಅವರಿಗೆ ಇಂಥದ್ದೊಂದು ಬೇಕೆಂಬ ಆಸೆ. ಮನೆಗೆ ಫ್ರಿಜ್ ಬಂತು, ಹೆಂಡತಿಗೆ ಹೊಲಿಗೆ ಯಂತ್ರ ಬಂತು, ತನಗೆಂದು ಕೊಳ್ಳುತ್ತಿದ್ದದ್ದು ಇದೇ ಮೊದಲು. ತಪ್ಪು ಆರಿಸಿದರೆ ಸಾಯುವವರೆಗೂ ಇನ್ನೊಂದನ್ನು ನೆನೆದು ಕೊರಗುವ ಜೀವ ಅದು.

ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಡಿಪೋಗೆ ಹೋದದ್ದೇ ತಪ್ಪಾಯಿತು.

"ಕೊಡಿ ಸಾರ್ ಇಲ್ಲಿ, ದಿನವಿಡೀ ಚಿಲ್ಲರೆ ಎಣಿಸೋನು ನಾನು" ಎಂದು ಕಂಡಕ್ಟರ್ ಕಪ್ಪಣ್ಣನನ್ನು ಕಿತ್ತುಕೊಂಡ. ತಿರುಗಾಮುರುಗಾ ಮಾಡಿ ನೋಡಿದ. "ಇದನ್ನ ಪ್ಯಾಸೆಂಜರ್ ಕೊಟ್ರೆ ಅವನನ್ನ ಅಲ್ಲೇ ಕೆಳಗಿಳಿಸ್ತೀನಿ."

"ತೊಳ್ಕೊಂಡಾದ್ರೂ ತರಬಾರ್ದಾ? ಚರಂಡೀಲಿ ಸಿಕ್ತಾ?" ಎಂದ ಡ್ರೈವರ್. ಇಡೀ ಡಿಪೋ ಗೊಳ್ಳೆಂದು ನಕ್ಕಿತು.

ಅಷ್ಟರಲ್ಲಿ ಬಸ್ಸು ಹೊರಡುವ ಹೊತ್ತಾಯಿತು. ಕಂಡಕ್ಟರ್ ಕೈಯಲ್ಲಿದ್ದದ್ದನ್ನು ಅಭ್ಯಾಸಬಲದಿಂದ ತನ್ನ ಚರ್ಮದ ಚೀಲಕ್ಕೆ ಹಾಕಿಕೊಂಡು, ಸೀಟಿ ಊದಿ ಹತ್ತಿಯೇಬಿಟ್ಟ. ಬಸ್ಸು ತಡವಾಗಿ ಬಿಟ್ಟರೆ ಮೆಮೊ ಬರೆಯುತ್ತಿದ್ದ ಟೈಮ್‌ಕೀಪರ್ ಸಾಹೇಬರು, ಸರಿಯಾದ ಸಮಯಕ್ಕೆ ಬಿಟ್ಟ ಬಸ್ಸಿನ ಹಿಂದೆ "ನಿಲ್ಲಿಸ್ರೋ!" ಎಂದು ಬೊಬ್ಬೆ ಹೊಡೆಯುತ್ತಾ ಓಡಿದರು. ದಾರಿಯಲ್ಲಿ ಬಿದ್ದು ಮಂಡಿ ತರಚಿತು, ಜೇಬಿನ ಭೂತಗನ್ನಡಿ ಒಡೆಯಿತು. ಕೊನೆಗೂ ಬಸ್ಸು ನಿಂತಾಗ ಚೀಲವನ್ನೇ ಸೀಟಿನ ಮೇಲೆ ಬೋರಲು ಹಾಕಿ, ಪ್ಯಾಸೆಂಜರುಗಳ ಬೈಗುಳದ ನಡುವೆ ಹುಡುಕಿದರು. ಕಪ್ಪಣ್ಣ ಸಿಕ್ಕಾಗ ಅವರ ಕಣ್ಣಲ್ಲಿ ನೀರೇ ಬಂತು. ತನಗೆ ಬೇಕಾದದ್ದು ಇವನೇ ಎಂದು ಆಗ ಅವರಿಗೆ ಖಾತ್ರಿಯಾಯಿತು.

ಕುಂಟುತ್ತಾ ಮನೆಗೆ ಬಂದು ನಾಣ್ಯಗಳನ್ನು ಮೇಜಿನ ಮೇಲಿಟ್ಟರು.

"ಡಿಪೋದಲ್ಲಿ ಎಲ್ರೂ ಕಪ್ಪಣ್ಣನ್ನ ಕೊಳಕು ಅಂತ ನಕ್ಕುಬಿಟ್ರು ಕಣೇ" ಎಂದು ಮಂಡಿಗೆ ಮುಲಾಮು ಹಚ್ಚುತ್ತಿದ್ದ ಹೆಂಡತಿಯ ಹತ್ತಿರ ಗೋಳಾಡಿದರು. ಆಕೆ ಅಂಗಳಕ್ಕೆ ಬಟ್ಟೆ ತೆಗೆಯಲು ಹೋದ ಮೇಲೆ ಅತ್ತೆ ಚಹಾ ಮತ್ತು ಎರಡು ಬೇಯಿಸಿದ ಮೊಟ್ಟೆ ತಂದರು. "ಬೆಳ್ಳಣ್ಣನಿಗೂ ಸ್ವಲ್ಪ ಕಪ್ಪು ಹತ್ತಿದ್ದಿದ್ರೆ ಈ ಒದ್ದಾಟವೇ ಇರ್ತಿರ್ಲಿಲ್ಲ ಅತ್ತೆ" ಎಂದು ಅವರ ಹತ್ತಿರವೂ ನಿಟ್ಟುಸಿರುಬಿಟ್ಟು, ಒಂದು ಮೊಟ್ಟೆ ತಿಂದು, ಕೂತಲ್ಲೇ ಗೊರಕೆ ಹೊಡೆದರು.

ಎಚ್ಚರವಾದದ್ದು ಕರೆಗಂಟೆಗೆ. ಮೇಜಿನ ಮೇಲೆ ಒಂದು ಕಪ್ಪು, ಒಂದು ಬಿಳಿ, ಎಲ್ಲ ಸರಿಯಾಗಿತ್ತು. ಸಾಹೇಬರು ಕಪ್ಪನ್ನು ಜೇಬಿಗಿಳಿಸಿ, ಬಾಗಿಲು ತೆಗೆದು, ಬಿಳಿಯನ್ನು ನಾಣ್ಯದವನ ಕೈಗಿಟ್ಟರು. ಅವನು ತನ್ನ ಭೂತಗನ್ನಡಿ ಹಿಡಿದ. ಮುಖ ಹುಳ್ಳಗಾಯಿತು.

"ಏನ್ ಸಾರ್ ಇದು! ಅಕ್ಷರದ ಸಂದೀಲೆಲ್ಲ ಹಲ್ಲುಪುಡಿ! ಉಜ್ಜಿದ್ದನ್ನ ನಾನು ವಾಪಸ್ ತಗೊಳ್ಳಲ್ಲ. ಇದು ನಿಮಗೇ ಇರ್ಲಿ, ಆ ಇನ್ನೊಂದನ್ನ ಕೊಡಿ." ದಿಗ್ಭ್ರಮೆಯಲ್ಲಿ ಸಾಹೇಬರು ಜೇಬಿನಿಂದ ಕಪ್ಪನ್ನು ತೆಗೆದದ್ದೇ ತಡ, ಅವನು ಎತ್ತಿಕೊಂಡುಬಿಟ್ಟ.

"ನಾನೇ ರೀ ಉಜ್ಜಿದ್ದು" ಎಂದಳು ಹೆಂಡತಿ ಹಿಂದಿನಿಂದ. "ಎಲ್ರೂ ನಕ್ರು ಅಂದ್ರಲ್ಲ, ನನಗೆ ತಡೆಯೋಕಾಗ್ಲಿಲ್ಲ. ನಿಮ್ಮ ಕಪ್ಪಣ್ಣ ಈಗ ಹೇಗೆ ಹೊಳೀತಿದ್ದಾನೆ ನೋಡಿ!"

"ಇದು ಕಪ್ಪಣ್ಣನಾ? ಹಾಗಾದ್ರೆ ಜೇಬಲ್ಲಿ ಇದ್ದೋನು ಯಾರು?"

"ಬೆಳ್ಳಣ್ಣ" ಎಂದರು ಅತ್ತೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. "ಕಪ್ಪು ಹತ್ತಿದ್ದಿದ್ರೆ ಅಂದ್ರಲ್ಲ, ಮೊಟ್ಟೆಯ ಹಳದಿ ಮೆತ್ತಿ ಮುಚ್ಚಿಟ್ಟಿದ್ದೆ. ಮೊಟ್ಟೆ ತಾಗಿದ ಬೆಳ್ಳಿ ಚಮಚ ಕಪ್ಪಾಗಲ್ವಾ, ಹಾಗೇ."

ನಾಣ್ಯದವನಿಗೆ ಇದ್ಯಾವುದೂ ಕಿವಿಗೆ ಬಿದ್ದಿರಲಿಲ್ಲ. "ಆಹಾ, ಎರಡು ಸಾವಿರ ವರ್ಷದ ಕಪ್ಪು! ಇದನ್ನ ಯಾವನಿಂದ ನಕಲು ಮಾಡೋಕಾಗುತ್ತೆ ಸಾರ್?"

"ಅಯ್ಯೋ, ಅದು ಮೊಟ್ಟೆ ಕಣ್ರೀ!"

"ಈ ಆಟ ನನ್ಹತ್ರ ಬೇಡಿ. ಒಳ್ಳೇದನ್ನ ಉಳಿಸ್ಕೊಳ್ಳೋಕೆ ಜನ ಏನು ಬೇಕಾದ್ರೂ ಹೇಳ್ತಾರೆ" ಎಂದು ಅವನು ನಗುತ್ತಾ ಮೆಟ್ಟಿಲಿಳಿದ.

ಸಾಹೇಬರ ಅಂಗೈಯಲ್ಲಿ ಅವರೇ ಆರಿಸಿದ, ಬಸ್ಸಿನ ಹಿಂದೆ ಓಡಿ ಬಿಡಿಸಿ ತಂದ ಕಪ್ಪಣ್ಣ ಹೊಸ ಗುಂಡಿಯಂತೆ ಮಿನುಗುತ್ತಿದ್ದ. ಅಳು ಬರುವ ಹಾಗಾಯಿತು. ಆದರೆ ತಾಯಿ, ಮಗಳು ಇಬ್ಬರೂ ಭೇಷ್ ಎನ್ನಿಸಿಕೊಳ್ಳಲು ಕಾದು ನಿಂತಿದ್ದರು. ಬೈಯುವುದಾದರೂ ಹೇಗೆ?

"ಚೆನ್ನಾಗಿದೆ" ಎಂದರು. ಆಮೇಲೆ ದನಿ ತಗ್ಗಿಸಿ, "ಅತ್ತೆ, ಆ ಮೊಟ್ಟೆ ಇನ್ನೂ ಇದೆಯಾ?"

"ಎಲ್ಲಿಂದ ಬರ್ಬೇಕು ಅಳಿಯಂದಿರೇ? ಒಂದನ್ನ ನೀವು ತಿಂದ್ರಿ, ಇನ್ನೊಂದನ್ನ ಆ ನಾಣ್ಯ ತಿಂತು."