ಅಲ್ ಗರಾಫಾದ ಅರಸರು

ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಯುರೋಪಿನ ಒಬ್ಬ ರಾಜಕುಮಾರರು ವಾಸವಾಗಿದ್ದಾರೆ ಎಂದರೆ ನೀವು ನಂಬುವುದಿಲ್ಲ. ಪರವಾಗಿಲ್ಲ, ಅವರ ದೇಶದವರೇ ನಂಬುವುದಿಲ್ಲ!

ದೋಹಾದ ಅಲ್ ಗರಾಫಾದಲ್ಲಿ ನಾವಿರುವುದು ಒಂದು ವಿಲ್ಲಾದಲ್ಲಿ. ವಿಲ್ಲಾ ಎಂದೊಡನೆ ಊರಿನ ನೆಂಟರು ಈಜುಕೊಳ, ಹುಲ್ಲುಹಾಸು ಎಂದೆಲ್ಲ ಊಹಿಸಿಕೊಳ್ಳುತ್ತಾರೆ. ನಾನೂ ಅವರನ್ನು ತಿದ್ದಲು ಹೋಗಿಲ್ಲ. ನಿಜವೇನೆಂದರೆ, ಒಂದು ಕಾಲದಲ್ಲಿ ಒಂದೇ ಕುಟುಂಬ ಆರಾಮಾಗಿದ್ದ ಮನೆಗೆ ಅಡ್ಡಡ್ಡ ಗೋಡೆ ಎಬ್ಬಿಸಿ ಹಲವು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಅತಿಥಿಗಳು ಕೂರುತ್ತಿದ್ದ ಹಜಾರದ ಅರ್ಧ. ಹಾಗಾಗಿ ನಮ್ಮ ಅಡುಗೆಮನೆಯಲ್ಲಿ ಗಾಜಿನ ದೊಡ್ಡ ತೂಗುದೀಪವಿದೆ, ಕಿಟಕಿ ಇಲ್ಲ!

ಎತ್ತರದ, ಬಡಕಲು ದೇಹದ, ಬಿಳಿ ಮೀಸೆಯ ಆ ಮನುಷ್ಯ ಮೇಲಿನ ಮಹಡಿಗೆ ಬಂದ ದಿನ ನಾನು ಮೆಟ್ಟಿಲ ಬುಡದಲ್ಲಿ ನಿಂತು ಕೈ ಚಾಚಿದೆ. "ಲುಸೈಲ್‌ನಲ್ಲಿ ಮ್ಯಾನೇಜರ್" ಎಂದು ಪರಿಚಯ ಹೇಳಿಕೊಂಡೆ. (ನಾನು ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ, ಇಂಜಿನಿಯರುಗಳು ಕಳೆದುಹಾಕಿದ ಡ್ರಾಯಿಂಗುಗಳಿಗಾಗಿ ಅವರಿಂದಲೇ ಬೈಸಿಕೊಳ್ಳುವವನು.) ಅವರು ನನ್ನ ಕೈ ಕುಲುಕಿ, ತುಸುವೇ ತಲೆ ಬಾಗಿಸಿ, ಇಂಗ್ಲಿಷಿನಲ್ಲಿ ಹೇಳಿದರು: "ನಾನು ರಾಜಕುಮಾರ. ಸದ್ಯಕ್ಕೆ ಸಿಂಹಾಸನ ಇಲ್ಲ."

ಸದ್ಯಕ್ಕೆ! ಅವರ ಅಜ್ಜನನ್ನು ಜನ ಸಿಂಹಾಸನದಿಂದ ಇಳಿಸಿ, ದೇಶದಿಂದಲೇ ಹೊರಗೆ ಹಾಕಿ, ಗಣರಾಜ್ಯ ಮಾಡಿಕೊಂಡಾಗ ಇವರಿನ್ನೂ ಹುಟ್ಟಿರಲೇ ಇಲ್ಲ. ಈಗ ಹೊಟ್ಟೆಪಾಡಿಗೆ ಮುಶೈರಿಬ್‌ನ ಹೋಟೆಲೊಂದರಲ್ಲಿ ಹೊಸ ವೇಟರುಗಳಿಗೆ ತರಬೇತಿ ಕೊಡುತ್ತಾರೆ. ಸೂಪು ಯಾವ ಕಡೆಯಿಂದ ಬಡಿಸಬೇಕು, ತಟ್ಟೆ ಯಾವ ಕಡೆಯಿಂದ ತೆಗೆಯಬೇಕು ಇತ್ಯಾದಿ.

"ಪಾಪ ಮಾರಾಯ್ರೆ," ಎಂದು ನನ್ನ ಹೆಂಡತಿ ಮರುಗಿದಳು. "ಕೂತು ತಿನ್ನಬೇಕಾದವರು ಬಡಿಸುವುದಕ್ಕೆ ಕಲಿಸುವುದಾ?"

ಅವಳಿಗೆ ಮರುಕ, ನನಗೆ ಮಾತ್ರ ಹೊಟ್ಟೆಯೊಳಗೆ ಏನೋ ಉರಿ. ಒಂದು ಸಂಜೆ ಚಹಾಕ್ಕೆ ಕರೆದು, ನಾನೂ ಸಾಮಾನ್ಯನಲ್ಲವೆಂದು ತೋರಿಸಲು ಹೊರಟೆ. ನಮ್ಮದು ಗುತ್ತಿನ ಮನೆತನ, ಊರಿಗೇ ನ್ಯಾಯ ಹೇಳುತ್ತಿದ್ದವರು, ನಮ್ಮಲ್ಲಿ ಗದ್ದುಗೆ ಮಗನಿಗಲ್ಲ, ಸೋದರಳಿಯನಿಗೆ, ಆ ಲೆಕ್ಕದಲ್ಲಿ ಮಾವನ ನಂತರ ನಾನೇ ವಾರಸುದಾರ ಎಂದೆಲ್ಲ ವಿವರಿಸಿದೆ. ಅವರು ಚಹಾದ ಲೋಟ ಕೆಳಗಿಟ್ಟು ಗೌರವದಿಂದ ಎದ್ದು ನಿಂತರು.

"ಹಾಗಾದರೆ ನಾವಿಬ್ಬರೂ ಒಂದೇ ದರ್ಜೆಯವರು!"

"ಆ ಗುತ್ತಿನ ಜಾಗದಲ್ಲಿ ಈಗ ಪೆಟ್ರೋಲ್ ಪಂಪ್ ಉಂಟು ಅಂತಲೂ ಹೇಳಿ!" ಎಂದು ಒಳಗಿನಿಂದ ಕೂಗಿದಳು ನನ್ನ ಪಟ್ಟದರಾಣಿ. ಕನ್ನಡದಲ್ಲಿ ಕೂಗಿದ್ದರಿಂದ ಮಾನ ಉಳಿಯಿತು.

ಅಂದಿನಿಂದ ನಮ್ಮಿಬ್ಬರ ರಾಜತಾಂತ್ರಿಕ ಸಂಬಂಧ ಗಟ್ಟಿಯಾಯಿತು. ಒಂದು ಶುಕ್ರವಾರ ಅವರು ನನಗೊಂದು ಬಿರುದು ಕೊಡುವುದಾಗಿ ಘೋಷಿಸಿದರು. ಬಿರುದು ಕೊಡುವಾಗ ಭುಜಕ್ಕೆ ಕತ್ತಿ ಮುಟ್ಟಿಸುವುದು ಪದ್ಧತಿ. ಕತ್ತಿ ಎಲ್ಲಿಂದ ತರುವುದು? ದೋಸೆ ಮಗುಚುವ ಸಟ್ಟುಗವೇ ಕತ್ತಿಯಾಯಿತು. ನಾನು ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿದೆ. ಅವರು ನನ್ನ ಬಲಭುಜ, ಎಡಭುಜ ಮುಟ್ಟಿ ನನ್ನನ್ನು 'ಬ್ಯಾರನ್' ಮಾಡಿದರು. ಸಟ್ಟುಗ ಆಗತಾನೇ ಕಾವಲಿಯಿಂದ ಬಂದಿತ್ತೆಂಬುದು ಬಲಭುಜಕ್ಕೆ ಮೊದಲು ಗೊತ್ತಾಯಿತು.

ಬೀದಿಯ ತುದಿಯಲ್ಲಿ ಅಂಗಡಿ ಇಟ್ಟಿರುವ ಉಳ್ಳಾಲದ ಹಮೀದಾಕನಿಗೆ ಈ ಸುದ್ದಿ ಹೇಳದೆ ಇರಲು ಆಗುತ್ತದೆಯೇ? ಅವರು ಕನ್ನಡಕ ಮೇಲೆತ್ತಿ ನನ್ನನ್ನೊಮ್ಮೆ ನೋಡಿದರು.

"ನಾವು ಉಳ್ಳಾಲದ ಮುಸ್ಲಿಮರೆಲ್ಲ ಹುಟ್ಟುವಾಗಲೇ ಬ್ಯಾರಿಗಳು. ನೀವು ಈಗ ಬ್ಯಾರನ್ ಆದದ್ದಾ? ಆಗಲಿ, ಸಂತೋಷ. ಎಂತ ಕೊಡಬೇಕು, ಕೊತ್ತಂಬರಿ ಸೊಪ್ಪಾ?"

ಇಷ್ಟಕ್ಕೆ ನಾನು ಸುಮ್ಮನಾಗಬಹುದಿತ್ತು. ಆದರೆ ನಮ್ಮ ಊರಿನವರ ಕೂಟದ ವಾರ್ಷಿಕ ಸಮಾರಂಭಕ್ಕೆ ಬರಬೇಕಿದ್ದ ಮುಖ್ಯ ಅತಿಥಿ ಕಡೆಗಳಿಗೆಯಲ್ಲಿ ಕೈಕೊಟ್ಟರು. ಕಾರ್ಯದರ್ಶಿಯಾದ ನಾನು ಎದೆ ತಟ್ಟಿ, ಇಲ್ಲಿಯ ಅರಬರ ಧಾಟಿಯಲ್ಲಿ "ಯಲ್ಲಾ, ಚಿಂತೆ ಬಿಡಿ, ಒಬ್ಬ ರಾಜರನ್ನೇ ಕರೆತರುತ್ತೇನೆ" ಎಂದೆ. ಬಂದರು. ಕಪ್ಪು ಸೂಟು, ಎದೆಗೆ ಅಡ್ಡಲಾಗಿ ನೀಲಿ ಪಟ್ಟಿ, ಅಜ್ಜನ ಪದಕಗಳು. ಕಾರ್ಯಕ್ರಮ ತಡವಾಗಿದ್ದರಿಂದ ಊಟ ಬಡಿಸಿಯಾಗಿತ್ತು. ಕೋರಿ ರೊಟ್ಟಿ! ಗರಿಗರಿ ರೊಟ್ಟಿಯ ಮೇಲೆ ಬಿಸಿ ಕೋಳಿ ಸಾರು ಬಿದ್ದ ಗಳಿಗೆಯಲ್ಲೇ ನಮ್ಮ ಅತಿಥಿಗಳು ಮೈಕ್ ಹಿಡಿದು, "ಮೊದಲು ನನ್ನ ದೇಶದ ರಾಷ್ಟ್ರಗೀತೆ" ಎಂದರು.

ಎಲ್ಲರೂ ಎದ್ದು ನಿಂತರು. ಅವರು ಕಣ್ಣು ಮುಚ್ಚಿ, ವಾದ್ಯ ಗೀದ್ಯ ಏನೂ ಇಲ್ಲದೆ, ಭಾರೀ ಗಂಟಲಿನಲ್ಲಿ ಹಾಡಿದರು. ಮುಗಿಯಿತೆಂದು ಜನ ಕೂರುತ್ತಾರೆ, ಮುಂದಿನ ಚರಣ ಶುರು! ಮತ್ತೆ ಏಳುತ್ತಾರೆ. ಇದು ಹೀಗೆಯೇ ನಡೆಯಿತು. ಕೊನೆಯ ಚರಣ ಮುಗಿಯುವಷ್ಟರಲ್ಲಿ ತಟ್ಟೆಗಳಲ್ಲಿದ್ದದ್ದು ರೊಟ್ಟಿಯಲ್ಲ, ಅಂಬಲಿ. ಹಮೀದಾಕ ನನ್ನ ಕಿವಿಯ ಹತ್ತಿರ ಬಗ್ಗಿದರು: "ಇವರ ರಾಜ್ಯ ಯಾಕೆ ಹೋದದ್ದು ಅಂತ ಈಗ ಗೊತ್ತಾಯ್ತು ಮಾರಾಯ್ರೆ!"

ಆದರೂ ನನಗೆ ಬುದ್ಧಿ ಬರಲಿಲ್ಲ. ಅವರೊಂದಿಗೆ ನಿಂತ ಫೋಟೋವನ್ನು 'ನನ್ನ ಮಿತ್ರರಾದ ಮಹಾರಾಜರೊಂದಿಗೆ' ಎಂದು ಊರಿನ ಗ್ರೂಪಿಗೆ ಹಾಕಿದೆ. ಮೊದಲ ಉತ್ತರ ಸೋದರಮಾವನಿಂದಲೇ ಬಂತು: "ರಾಜರು ಚಂದ ಉಂಟು. ಪಕ್ಕದಲ್ಲಿರುವ ಡ್ರೈವರ್ ಯಾರು?"

ಎರಡು ವರ್ಷಗಳ ಹಿಂದೆ ರಾಜವಂಶದವರ ಮೇಲಿದ್ದ ನಿಷೇಧವನ್ನು ಆ ದೇಶ ತೆಗೆದುಹಾಕಿತು. ಇವರು ರಜೆ ಹಾಕಿ, ಜೀವನದಲ್ಲಿ ಮೊದಲ ಸಲ ತಮ್ಮ ರಾಜ್ಯಕ್ಕೆ ಹೋದರು. ವಾಪಸು ಬಂದ ಮೇಲೆ ನಾನು ಕುತೂಹಲ ತಾಳಲಾರದೆ ಮೇಲೆ ಓಡಿದೆ.

"ಜನ ಗುರುತು ಹಿಡಿದರಾ?"

"ಹಿಡಿದರು. ಅರಮನೆ ಈಗ ಮ್ಯೂಸಿಯಂ. ಟಿಕೆಟ್ ಕೊಡುವ ಹುಡುಗಿ ನೋಡಿದ ಕೂಡಲೇ, ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆ ಅಂದಳು."

"ಸಿಂಹಾಸನ?"

"ಇತ್ತು. ಹಗ್ಗ ಕಟ್ಟಿದ್ದರು. ಸ್ವಲ್ಪ ಹತ್ತಿರ ಹೋದೆ. ಕಾವಲುಗಾರ ಸೀಟಿ ಊದಿದ." ಮೀಸೆ ಸವರಿಕೊಂಡು ಹೇಳಿದರು: "ಒಳ್ಳೆಯದೇ ಆಯಿತು. ನೋಡಿದರೆ ಬೆನ್ನುನೋವು ಬರುವಂಥ ಕುರ್ಚಿ."

ನಾನು ಬಿದ್ದು ಬಿದ್ದು ನಕ್ಕೆ. ಅವರೂ ನಕ್ಕರು.

ಕಳೆದ ವರ್ಷ ಒಂದು ಬೆಳಿಗ್ಗೆ ಊರಿನಿಂದ ಫೋನ್ ಬಂತು. ನನ್ನ ಅಕ್ಕ ತೀರಿಕೊಂಡಿದ್ದಳು. ಅಮ್ಮ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿದವಳು, ಬೀಡಿ ಕಟ್ಟಿ ನನ್ನನ್ನು ಓದಿಸಿದವಳು ಅವಳೇ. ಗುತ್ತು, ಗದ್ದುಗೆ ಎಂದು ನಾನು ದೋಹಾದಲ್ಲಿ ಹೇಳಿಕೊಂಡು ತಿರುಗುವುದೆಲ್ಲ ಅವಳ ಬೆರಳುಗಳ ಮೇಲೆ ನಿಂತದ್ದು. ನನ್ನ ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿತ್ತು; ಹೊರಡುವಂತಿರಲಿಲ್ಲ. ಭಾವ ಅಂತ್ಯಕ್ರಿಯೆಯನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದರು. ಯಾರದೋ ಭುಜ, ಒಂದಿಷ್ಟು ಹೂವು, ಆಮೇಲೆ ಚಿತ್ರ ನಿಂತೇಹೋಯಿತು. ನಾನು ಅಡುಗೆಮನೆಯಲ್ಲಿ ಆ ನಿಂತ ಚಿತ್ರವನ್ನೇ ನೋಡುತ್ತಾ ಕೂತಿದ್ದೆ. ಅಳು ಬರಲಿಲ್ಲ.

ಹೆಂಡತಿ ಹೇಳಿರಬೇಕು, ಅವರು ಮೇಲಿನಿಂದ ಇಳಿದು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ; ಪಟ್ಟಿ, ಪದಕ ಏನೂ ಇಲ್ಲ.

"ನಿಮ್ಮ ಊರು ಯಾವ ದಿಕ್ಕಿಗೆ?" ಎಂದು ಕೇಳಿದರು.

ನಾನು ಅಂದಾಜಿನ ಮೇಲೆ ಫ್ರಿಜ್ಜಿನ ಕಡೆಗೆ ಕೈ ತೋರಿಸಿದೆ. ಅವರು ಫ್ರಿಜ್ಜಿಗೆ ಮುಖ ಮಾಡಿ, ನೆಟ್ಟಗೆ ನಿಂತು, ತಲೆ ಬಾಗಿಸಿದರು.

"ಅಜ್ಜನ ತಾಯಿ ದೇಶದಲ್ಲೇ ಉಳಿದಿದ್ದರು," ಎಂದರು ಮೆಲ್ಲಗೆ. "ಅವರು ತೀರಿಕೊಂಡಾಗ ಅಜ್ಜ ಹೀಗೆಯೇ ನಿಂತರಂತೆ. ಅಲ್ಲೇ ಇದ್ದ ದೊಡ್ಡತ್ತೆ ತೀರಿಕೊಂಡಾಗ ಅಪ್ಪ ನಿಂತದ್ದನ್ನು ನಾನೇ ನೋಡಿದ್ದೇನೆ. ಹೋಗಲಾಗದವರು ಆ ಕಡೆ ಮುಖ ಮಾಡಿ ನಿಲ್ಲಬೇಕು. ಒಬ್ಬರೇ ನಿಲ್ಲಬಾರದು, ಅಷ್ಟೇ."

ನಾನು ಎದ್ದು ಅವರ ಪಕ್ಕದಲ್ಲಿ ನಿಂತೆ. ಹೆಂಡತಿ ಸ್ಟೌ ಆರಿಸಿ ಬಂದು ನನ್ನ ಇನ್ನೊಂದು ಪಕ್ಕ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಬಾಯಿಂದ "ಅಕ್ಕಾ" ಎಂಬ ಮಾತು ಹೊರಬಿತ್ತು, ಹಿಂದೆಯೇ ಅಳು. ಅದು ಮುಗಿಯುವವರೆಗೂ ಅವರು ತಲೆ ಎತ್ತಲಿಲ್ಲ.