ಸಂತರ ತಲೆಯೂ ದೊಡ್ಡ ಫಾದರ್ ಕುತ್ತಿಗೆಯೂ

ಊಟದ ಮೇಜಿನ ಮುಂದೆ ದೊಡ್ಡ ಫಾದರ್ ಘನಘೋರ ಪ್ರತಿಜ್ಞೆ ಮಾಡಿದರು. "ಇವತ್ತಿನಿಂದ ಯಾರ ವಿಷಯಕ್ಕೂ ಮೂಗು ತೂರಿಸಲ್ಲ. ನಿಮ್ಮ ನಾಟಕದ ಕಥೆಯನ್ನೂ ಕೇಳಲ್ಲ. ಆ ದಿನ ಬಂದು ಮುಂದಿನ ಸಾಲಲ್ಲಿ ಕೂತು ನೋಡ್ತೀನಿ, ಅಷ್ಟೇ."

ಚರ್ಚಿನ ವಾರ್ಷಿಕೋತ್ಸವಕ್ಕೆ ನಾಟಕ ಬರೆದು ತಾವೇ ನಟಿಸಲಿದ್ದ ಚಿಕ್ಕ ಫಾದರ್ ಸುಮ್ಮನೆ ನಕ್ಕರು. ಅಡುಗೆಗೂ ಚರ್ಚಿನ ಧೂಳಿಗೂ ಒಬ್ಬಳೇ ದಿಕ್ಕಾಗಿದ್ದ ಅಡುಗೆಯಮ್ಮ, "ನಾಳೆ ತನಕ ತಡ್ಕೊಂಡ್ರೆ ನೋಡೋಣ" ಎಂದಳು. ಯಾರ ಮನೆಗೆ ಹೊಸ ಕುರ್ಚಿ ಬಂದರೂ, ಅದು ಗಾಡಿಯಿಂದ ಇಳಿಯುವ ಮೊದಲೇ ದೊಡ್ಡ ಫಾದರಿಗೆ ಗೊತ್ತಾಗಿರುತ್ತಿತ್ತು.

ಮರುದಿನ ಮಧ್ಯಾಹ್ನ ಅವರು, ಜನ ಜಾಲರಿಯಾಚೆ ಮಂಡಿಯೂರಿ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯ ಮರದ ಪೆಟ್ಟಿಗೆಯಲ್ಲಿ ಕೂತು, ಯಾರೂ ಬಾರದೆ ತೂಕಡಿಸುತ್ತಿದ್ದರು. ಜಾಲರಿಯ ಆಚೆ ಯಾರೋ ಮಂಡಿಯೂರಿದ ಸದ್ದು. ಆಮೇಲೆ ಚಿಕ್ಕ ಫಾದರ್ ದನಿ, ಅಳುಕಿ ಅಳುಕಿ: "ನಾನು ಪಾಪಿ. ಪೀಠದ ಮೇಲಿನ ಸಂತರನ್ನು ಒರೆಸುವಾಗ ಕೆಡವಿಬಿಟ್ಟೆ. ತಲೆ ಹೋಯಿತು. ಯಾರಿಗೂ ಹೇಳದೆ ಬೇರೆ ತಲೆ ಅಂಟಿಸಿದ್ದೇನೆ."

ದೊಡ್ಡ ಫಾದರ್ ನಿದ್ದೆ ಹಾರಿಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಹೊರಗಿನಿಂದ ಅಡುಗೆಯಮ್ಮ ಕೂಗಿದಳು, ಚಿಕ್ಕ ಫಾದರ್ ಎದ್ದು ಓಡಿದರು.

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ, ಹೇಳಿದವರನ್ನೇ ಮತ್ತೆ ಕೆದಕುವಂತಿಲ್ಲ, ಗೊತ್ತಿದೆಯೆಂದು ಮುಖದಲ್ಲಿ ತೋರಿಸುವಂತೆಯೂ ಇಲ್ಲ. ಹಾಗಿದ್ದ ಮೇಲೆ ಆ ಪ್ರತಿಮೆಯ ತಲೆಯನ್ನು ನೋಡುವುದೂ ತಪ್ಪಲ್ಲವೇ? ತಪ್ಪೇ, ಎಂದು ದೊಡ್ಡ ಫಾದರ್ ತೀರ್ಮಾನಿಸಿದರು. ದಿನಾ ಬೆಳಿಗ್ಗೆ ಬಾಗಿಲು ತೆರೆದಾಗ ಅವರು ಮೊದಲು ನೋಡುತ್ತಿದ್ದ ಮುಖ ಅದು. ಈಗ ಅಲ್ಲಿ ಯಾರ ತಲೆ ಕೂತಿದೆಯೋ? ಗಡ್ಡ ಇದೆಯೋ, ಇಲ್ಲವೋ? ಹೆಂಗಸಿನದೋ? ದೇವರೇ, ಕುರಿಯದೋ?

ಪೂಜೆಯುದ್ದಕ್ಕೂ ನೆಲ ನೋಡಿಕೊಂಡೇ ನಿಂತರು. ಜನ "ಎಂಥ ಭಕ್ತಿ" ಎಂದರು. ಕುತ್ತಿಗೆ ಉಳುಕಿದೆಯೆಂದು ಅಡುಗೆಯಮ್ಮ ಎಣ್ಣೆ ಬಿಸಿ ಮಾಡಿ ತಂದಳು. ಚಿಕ್ಕ ಫಾದರ್ ಮಾತ್ರ ಬಾಡಿಹೋದರು.

"ಫಾದರ್, ನೀವು ನನ್ನ ಮುಖ ನೋಡಿ ಮಾತಾಡ್ತಿಲ್ಲ. ನಾಟಕ ಇಷ್ಟ ಇಲ್ವಾ? ನಿಲ್ಲಿಸಿಬಿಡ್ತೀನಿ."

"ಆಡಪ್ಪ, ಆಡು. ಅಲ್ಲಾದ್ರೂ ಎಲ್ಲರ ತಲೆ ಅವರವರ ಕುತ್ತಿಗೆ ಮೇಲೇ ಇರಲಿ," ಎಂದ ದೊಡ್ಡ ಫಾದರ್ ತಕ್ಷಣ ನಾಲಿಗೆ ಕಚ್ಚಿಕೊಂಡರು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಗುಟ್ಟಿನ ವ್ರತ ಇವತ್ತು ಮುರಿದೇಹೋಯಿತೆಂದು ಅವರಿಗೆ ಅಳುವೇ ಬಂತು.

ನಾಟಕದ ಸಂಜೆ ಪರದೆ ಎದ್ದಿತು. ಮರದ ಜಾಲರಿಯ ಮುಂದೆ ಚಿಕ್ಕ ಫಾದರ್ ಮಂಡಿಯೂರಿದರು. "ನಾನು ಪಾಪಿ. ಪೀಠದ ಮೇಲಿನ ಸಂತರನ್ನು..."

ದೊಡ್ಡ ಫಾದರ್ ಕುರ್ಚಿ ಕೆಡವಿಕೊಂಡು ಎದ್ದರು. "ಅಯ್ಯೋ ಪುಣ್ಯಾತ್ಮ, ಅದು ನಾಟಕದ ಮಾತಾ?"

"ಮತ್ತಿನ್ನೇನು ಫಾದರ್? ಖಾಲಿ ಪೆಟ್ಟಿಗೆ ಮುಂದೆ ಎಷ್ಟು ಸಲ ಅಭ್ಯಾಸ ಮಾಡಿದೀನಿ."

ಇದೂ ನಾಟಕವೇ ಎಂದು ಜನ ಚಪ್ಪಾಳೆ ತಟ್ಟಿದರು. ನಾಟಕ ಮುಗಿದದ್ದೇ ತಡ, ದೊಡ್ಡ ಫಾದರ್ ಚರ್ಚಿಗೆ ಓಡಿ, ದೀಪ ಹಾಕಿ, ಮನಸಾರೆ ತಲೆ ಎತ್ತಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಯಾವಾಗಲೂ ಎಡಕ್ಕೆ ನೋಡುತ್ತಿದ್ದ ಸಂತರು ಈಗ ಬಲಕ್ಕೆ ನೋಡುತ್ತಿದ್ದರು. ಕುತ್ತಿಗೆಯ ಸುತ್ತ ಅಂಟಿನ ಗೆರೆ.

ಹಿಂದೆ ಅಡುಗೆಯಮ್ಮ ನಿಂತಿದ್ದಳು.

"ಏನಮ್ಮಾ ಇದು?"

"ಪಾಪನಿವೇದನೆ ಮಾಡ್ಬೇಕು ಫಾದರ್."

"ಬೇಡ, ಬೇಡ. ಇಲ್ಲೇ ಹೇಳು. ಈಗ್ಲೇ ಹೇಳು."

"ಇಲ್ಲಿ ಹೇಳಿದ್ರೆ ಬೈತೀರ. ಬಿಷಪ್ಪರಿಗೆ ಹೇಳ್ತೀರ. ಬೀದಿಗೆಲ್ಲ ಹೇಳ್ತೀರ," ಎಂದು ಅಡುಗೆಯಮ್ಮ ಪೆಟ್ಟಿಗೆಯ ಬಾಗಿಲು ತೆರೆದು ಹಿಡಿದಳು. "ಒಳಗೆ ಕೂತ್ಕೊಳ್ಳಿ."