ಒಣಕಲ ಗಾಳಿ ಹೊಡೆದ ದಿನ

ಭಾನುವಾರ ಮಗಳು ಅಮ್ಮನ ಬೆನ್ನ ಹಿಂದೆ ಅಡಗಿ, "ಈ ಮಾಮ ಯಾರಮ್ಮಾ?" ಎಂದು ಕೇಳಿದ್ದೇ ಎಲ್ಲಕ್ಕೂ ಮೂಲ. ಅವಳು ಬೆರಳು ಮಾಡಿದ್ದು ಸ್ವಂತ ಅಪ್ಪನ ಕಡೆಗೆ. ಮಗುವಿನ ತಪ್ಪೇನಿಲ್ಲ ಬಿಡಿ. ಲಾಂಡ್ರಿಯಲ್ಲಿ ಡ್ರೈಯರ್ ನೋಡಿಕೊಳ್ಳುವ ಈ ಮಹಾನುಭಾವ, ಅಲ್ಲಿನವರ ಬಾಯಲ್ಲಿ 'ಒಣಕಲ', ಅವಳು ಏಳುವ ಮೊದಲೇ ಹೊರಟು ಮಲಗಿದ ಮೇಲೆ ಮನೆ ಸೇರುತ್ತಿದ್ದ.

ಸೋಮವಾರ ಬೆಳಿಗ್ಗೆ ಹೆಂಡತಿ ತೀರ್ಪು ಕೊಟ್ಟಳು: "ಇವತ್ತಾದ್ರೂ ಬೆಳಕಿರೋವಾಗ ಬನ್ನಿ. ಇಲ್ಲಾಂದ್ರೆ ಆ ಡ್ರೈಯರ್ ಜೊತೆಗೇ ಸಂಸಾರ ಮಾಡ್ಕೊಳ್ಳಿ."

ತಡವಾಗುತ್ತಿದ್ದದ್ದೇ ಡ್ರೈಯರಿನಿಂದ. ಹೋಟೆಲಿನ ಬೆಡ್‌ಶೀಟುಗಳನ್ನು ತುಂಬಿದರೆ ಅದು ಊಟ ಮುಗಿಸಿದ ಮಾವನ ಹಾಗೆ ಗೊರಕೆ ಹೊಡೆಯುತ್ತಿತ್ತೇ ಹೊರತು ಒಣಗಿಸುತ್ತಿರಲಿಲ್ಲ. ಬಿಸಿಗಾಳಿ ಹೊರಹೋಗುವ ತಗಡಿನ ಕೊಳವೆಯಲ್ಲಿ ಬಟ್ಟೆಯ ಜುಂಗು ಕಟ್ಟಿಕೊಂಡಿದೆ, ಕಂಪ್ರೆಸರಿನಿಂದ ಗಾಳಿ ಹೊಡೆದು ತೆಗೆಯೋಣ ಎಂದ ಒಣಕಲ.

"ಇರೋದು ಇದ್ದ ಹಾಗೇ ಇರ್ಲಿ ಬಿಡೋ ತಮ್ಮಾ," ಎಂದಳು ಅಲ್ಲಿನ ಹಳಬಳಾದ ಇಸ್ತ್ರಿ ಅಕ್ಕ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸೂಪರ್‌ವೈಸರ್ ಓಡಿ ಬಂದ. ಮಾಲೀಕರ ಭಾವಮೈದ. ಸೈಕಲ್ ಚಕ್ರಕ್ಕೆ ಗಾಳಿ ತುಂಬಿಸುವುದನ್ನು ಒಮ್ಮೆ ನೋಡಿದ್ದನಾದ್ದರಿಂದ ಈ ವಿಷಯದಲ್ಲಿ ಪರಿಣತ.

"ಹೊರಗಿನ ಬಾಯಿಂದ ಹೊಡಿ!"

"ಸಾರ್, ಹಾಗೆ ಹೊಡೆದ್ರೆ ಕಸ ಎಲ್ಲಾ ಒಳಗೇ ಬರುತ್ತೆ."

"ಸೂಪರ್‌ವೈಸರ್ ನೀನೋ, ನಾನೋ?"

ಕಸ ಎಲ್ಲಾ ಒಳಗೇ ಬಂತು. ಮಡಿಸಿಟ್ಟಿದ್ದ ಬಿಳಿ ಬೆಡ್‌ಶೀಟುಗಳೆಲ್ಲ ಬೂದುಬಣ್ಣಕ್ಕೆ ತಿರುಗಿದವು. ಸೂಪರ್‌ವೈಸರಿಗೆ ಒಂದೇ ಗಳಿಗೆಯಲ್ಲಿ ಮುಪ್ಪು ಬಂತು.

"ಒಳಗಿಂದ ಅಂತ ತಾನೇ ನಾನು ಹೇಳಿದ್ದು!" ಎಂದು ಕೆಮ್ಮುತ್ತಾ ಕೂಗಿದ.

ಎಲ್ಲವನ್ನೂ ಮತ್ತೆ ಒಗೆಯಲು ಹಾಕಿ, ಒಣಕಲ ಗಾಳಿಯ ಪೈಪನ್ನು ಗಳಕ್ಕೆ ಕಟ್ಟಿ ಈ ಸಲ ಒಳಗಿನಿಂದ ಹೊಡೆದ. ಕೊಳವೆ ಗುಡುಗಿತು. ಅದರ ಹೊರಗಿನ ಬಾಯಿಂದ ಒಂದು ದಿಂಬು ಹಾರಿ ಬಂದು, ಆಗಷ್ಟೇ ಕಾರಿನಿಂದಿಳಿದ ಮಾಲೀಕರ ಎದೆಗೆ ಬಡಿಯಿತು. ಹಿಂದೆಯೇ ಬಂದ ಧೂಳಿನ ಮೋಡ ಉಳಿದ ಮರ್ಯಾದೆ ಮಾಡಿತು.

"ಯಾರದ್ದಯ್ಯಾ ಈ ದಿಂಬು?"

ಇಸ್ತ್ರಿ ಅಕ್ಕ ತಲೆ ತಗ್ಗಿಸಿ, ಇಸ್ತ್ರಿ ಮಾಡಿದ್ದ ಅಂಗಿಯನ್ನೇ ಮತ್ತೆ ಇಸ್ತ್ರಿ ಮಾಡತೊಡಗಿದಳು.

ಡ್ರೈಯರ್ ಈಗ ಹುಚ್ಚು ಹಿಡಿದಂತೆ ಓಡಿತು. ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಬೆಡ್‌ಶೀಟುಗಳು ಗರಿಗರಿ. "ಹೊರಟೆ ಕಣೇ, ಬಿಸಿಲಿರೋವಾಗ್ಲೇ ಬರ್ತೀನಿ!" ಎಂದು ಒಣಕಲ ಮನೆಗೆ ಫೋನ್ ಮಾಡಿದ.

ಮಾಲೀಕರೂ ಬಟ್ಟೆ ಮುಟ್ಟಿ ನೋಡಿದರು. ಎದೆಯ ನೋವು ಅಲ್ಲಿಗೇ ಮಾಯವಾಯಿತು. ಅವರೂ ಒಂದು ಫೋನ್ ಮಾಡಿ, ಬಂದು ಒಣಕಲನ ಬೆನ್ನು ತಟ್ಟಿದರು.

"ಭೇಷ್ ಕಣಯ್ಯಾ! ಇನ್ಮೇಲೆ ನಿಂಗೆ ಬಿಡುವೋ ಬಿಡುವು. ಅದಕ್ಕೇ ಇನ್ನೆರಡು ಹೋಟ್ಲು ಒಪ್ಕೊಂಡೆ. ಬಟ್ಟೆ ಈಗ್ಲೇ ಬರುತ್ತೆ."

ಅವರು ಅತ್ತ ಹೋದದ್ದೇ ಇಸ್ತ್ರಿ ಅಕ್ಕ ದಿಂಬನ್ನೆತ್ತಿ ಧೂಳು ಕೊಡವಿದಳು.

"ನೀನು ಸೇರೋಕೆ ಮುಂಚೆ ಮೂರು ಹೋಟ್ಲು ಬಟ್ಟೆ ಬರ್ತಿತ್ತು ಕಣೋ. ಮನೆ ಮುಖ ನೋಡ್ದೋರು ಯಾರೂ ಇಲ್ಲ. ನಾನೇ ಇದನ್ನ ಕೊಳವೆಗೆ ತುರುಕಿದ್ಮೇಲೆ ಎರಡು ಹೋಟ್ಲು ತಾವಾಗೇ ಓಡಿಹೋದ್ವು. ಬೇಡ ಅಂದ್ನಲ್ಲೋ!"

ಒಣಕಲ ಬಾಯಿ ಒಣಗಿಸಿಕೊಂಡು ಮತ್ತೆ ಮನೆಗೆ ಫೋನ್ ಮಾಡಿದ. ಎತ್ತಿದ್ದು ಮಗಳು.

"ಪುಟ್ಟಾ, ಇವತ್ತು... ಸ್ವಲ್ಪ ತಡ ಆಗುತ್ತೆ ಅಂತ ಅಮ್ಮಂಗೆ ಹೇಳಮ್ಮಾ."

ಆ ಕಡೆಯಿಂದ ಮಗಳ ಕೂಗು ಸ್ಪಷ್ಟವಾಗಿ ಕೇಳಿಸಿತು: "ಅಮ್ಮಾ, ಭಾನುವಾರದ ಮಾಮ ಇವತ್ತು ಬರಲ್ವಂತೆ!"